ಮೋಗ್ಲಿ ಯಾರ ಬಾಯಲ್ಲಿ ಮಾತಾಡಿದ?

(ಹಂಪಸಾಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸ ಎಂದರೆ ವಚನ, ಕೀರ್ತನೆ, ಶಾಸನ ಎಂದೇ ರೂಢಿ. ನಮ್ಮ ಸೀಮೆಯಲ್ಲಿ ಅದಕ್ಕೆ ಬರವೂ ಇಲ್ಲ. ಕೋಗಳಿಯ ಬಸದಿಗಳಿವೆ, ಹರಪನಹಳ್ಳಿ ಭೀಮವ್ವನ ಹಾಡುಗಳಿವೆ, ಮೈಲಾರದ ಕಾರ್ಣಿಕವಿದೆ, ಕೊಟ್ಟೂರಿನ ತೇರಿದೆ. ಹೀಗಿರುವಾಗ ನಾನು ಕಾರ್ಟೂನ್ ಸಿನಿಮಾದ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಕರಪತ್ರದಾಗ 'ಮಕ್ಕಳ ಸಾಹಿತ್ಯ' ಅಂತ ಹಾಕಿಸ್ಲೇನ್ರಿ?" ಎಂದು ಕೇಳಿದರು. ಬೇಡ, ಕಾರ್ಟೂನ್ ಅಂತಲೇ ಹಾಕಿಸಿರಿ ಎಂದೆ. ಹಾಕಿಸಿದ್ದಾರೆ. ಅವರ ಧೈರ್ಯಕ್ಕೆ ನಮಸ್ಕಾರ.

ಇಲ್ಲಿ ಮೂವತ್ತು ದಾಟಿದವರು, ನಲವತ್ತು ದಾಟಿದವರು ಬಹಳ ಮಂದಿ ಇದ್ದೀರಿ. ನಿಮ್ಮನ್ನು ಬಾಲ್ಯದ ಪಾಠಪುಸ್ತಕದ ಬಗ್ಗೆ ಕೇಳಿದರೆ ತಡವರಿಸುತ್ತೀರಿ. ಕಾಡಿನ ಹುಡುಗನ ಬಗ್ಗೆ, ಬೆಕ್ಕು-ಇಲಿಯ ಬಗ್ಗೆ ಕೇಳಿದರೆ ಮುಖ ಅರಳುತ್ತದೆ. ಅಷ್ಟು ಆಳಕ್ಕೆ ಇಳಿದದ್ದು ಯಾಕೆ ಇಳಿಯಿತು, ಇಳಿದು ಏನು ಮಾಡಿತು, ಏನು ಮಾಡದೆ ಹೋಯಿತು? ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ, ನಡುವೆ ಎದ್ದು ಹೋಗುವವರಿಗೆ ಅನುಕೂಲವಾಗಲಿ. ಓಡುವ ಚಿತ್ರ ಯಾವುದಾದರೂ ಮಗುವಿನ ಕಣ್ಣನ್ನು ಹಿಡಿಯುತ್ತದೆ. ಆ ಚಿತ್ರ ಮಗುವಿನ ಬದುಕಿನೊಳಗೆ ಬಂದು ಕೂರಬೇಕಾದರೆ ಅದು ಮಗುವಿನ ಬಾಯಿಯ ಮಾತನ್ನೇ ಆಡಬೇಕು. ಈ ಗುಟ್ಟು ತುಂಗಭದ್ರೆಯ ಎರಡೂ ದಂಡೆಯಲ್ಲಿ ಗೊಂಬೆ ಆಡಿಸಿದವರಿಗೆ ಗೊತ್ತಿತ್ತು. ಟಿವಿ ತಂದವರು ಮರೆತರು.

ಟಿವಿಯಿಂದಲೇ ಶುರು ಮಾಡೋಣ. 1975ರ ಆಗಸ್ಟ್ ಒಂದರಿಂದ 1976ರ ಜುಲೈ ಕೊನೆಯವರೆಗೆ ಈ ದೇಶದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ಕಡ ತಂದು, ಇಸ್ರೋ ಮತ್ತು ಆಕಾಶವಾಣಿಯವರು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸಿದರು. ಸೈಟ್ ಎಂದು ಅದರ ಹೆಸರು. ಶಾಲೆಯ ಮೇಲೋ ಪಂಚಾಯ್ತಿ ಕಟ್ಟೆಯ ಹತ್ತಿರವೋ ತಂತಿ ಜಾಲರಿಯ ಹತ್ತಡಿ ಅಗಲದ ಕೊಡೆ, ಅದರ ಕೆಳಗೆ ಒಂದು ಟಿವಿ ಪೆಟ್ಟಿಗೆ. ಬೆಳಿಗ್ಗೆ ಒಂದೂವರೆ ತಾಸು ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ಊರಿಗೆ. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ನದಿಯಾಚೆಯ ಕೊಪ್ಪಳ ಆಗ ರಾಯಚೂರಿನಲ್ಲಿತ್ತು, ನಾವು ಬಳ್ಳಾರಿಯಲ್ಲಿದ್ದೆವು. ಹಾಗಾಗಿ ಉಪಗ್ರಹ ಆ ದಂಡೆಯ ಜಿಲ್ಲೆಗೆ ಬಂತು, ಈ ದಂಡೆಗೆ ಬರಲಿಲ್ಲ. ಹೊಟ್ಟೆಕಿಚ್ಚಿನ ಮಾತು ಹಾಗಿರಲಿ, ನಾನು ಎತ್ತಿ ಹೇಳಬೇಕೆಂದದ್ದು ಬೇರೆ. ಆ ಪೆಟ್ಟಿಗೆ ಕನ್ನಡ ಮಾತಾಡುತ್ತಿತ್ತು. ಒರಿಸ್ಸಾಕ್ಕೆ ಒರಿಯಾ, ಆಂಧ್ರಕ್ಕೆ ತೆಲುಗು, ನಮಗೆ ಕನ್ನಡ. ಭಾಷೆಯ ವಿಚಾರದಲ್ಲಿ ಸರಕಾರ 1975ರಲ್ಲಿ ತೋರಿದಷ್ಟು ಬುದ್ಧಿಯನ್ನು ಆಮೇಲೆ ಮಕ್ಕಳ ಮಟ್ಟಿಗೆ ತೋರಲಿಲ್ಲ.

ನಮ್ಮ ಮನೆಗಳಿಗೆ ಟಿವಿ ಬಂದಾಗ ಅದು ದಿಲ್ಲಿಯಿಂದ ಬಂತು. 'ಏಕ್ ಅನೇಕ್ ಔರ್ ಏಕ್ತಾ' ನೆನಪಿದೆಯಲ್ಲ? ಬಲೆಗೆ ಬಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಹಾರಿ ಬಲೆಯನ್ನೇ ಎತ್ತಿಕೊಂಡು ಹೋಗುವ ಚಿತ್ರ. 1974ರಲ್ಲಿ ಫಿಲ್ಮ್ಸ್ ಡಿವಿಷನ್ನಿಗಾಗಿ ವಿಜಯಾ ಮುಳೆ ಮಾಡಿದ್ದು, ಭೀಮ್‌ಸೇನ್ ಗೆರೆ ಎಳೆದದ್ದು. ಪಂಚತಂತ್ರದ ಕಥೆ ಅದು. ಪಂಚತಂತ್ರವನ್ನು ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲೇ ಕನ್ನಡಕ್ಕೆ ತಂದಿದ್ದ. ಹೀಗಿದ್ದೂ ನಮ್ಮ ಮಕ್ಕಳು ಹಕ್ಕಿಗಳ ಒಗ್ಗಟ್ಟನ್ನು ಹಿಂದಿಯ ರಾಗದಲ್ಲಿ ಕಲಿತರು. ಇಂದಿಗೂ ಆ ಹಾಡಿನ ಧಾಟಿ ಗುನುಗುತ್ತೇವೆ, ಅದರ ಎರಡನೆಯ ಸಾಲಿನ ಅರ್ಥ ಕೇಳಿದರೆ ಅಟ್ಟ ನೋಡುತ್ತೇವೆ.

ಆಮೇಲೆ ಕಾಡಿನ ಹುಡುಗ ಮೋಗ್ಲಿ ಬಂದ. ಜಪಾನಿನ ನಿಪ್ಪಾನ್ ಆನಿಮೇಷನ್ ಸಂಸ್ಥೆ 1989ರಲ್ಲಿ ಮಾಡಿದ 52 ಕಂತಿನ ಧಾರಾವಾಹಿ ಅದು. ದೂರದರ್ಶನ 1993ರಲ್ಲಿ ಅದನ್ನು ಹಿಂದಿಯಲ್ಲಿ ತೋರಿಸಿತು. ಗುಲ್ಜಾರ್ ಹಾಡು ಬರೆದರು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು, ಶೇರ್ ಖಾನ್ ಹುಲಿಗೆ ನಾನಾ ಪಾಟೇಕರ್ ದನಿ ಕೊಟ್ಟರು. ಭಾನುವಾರ ಬೆಳಿಗ್ಗೆ ಟಿವಿ ಇದ್ದ ಮನೆಯ ಪಡಸಾಲೆಯಲ್ಲಿ ಓಣಿಯ ಹುಡುಗರೆಲ್ಲ. ಒಬ್ಬ ಮಾಳಿಗೆ ಮೇಲೆ ಆಂಟೆನಾ ತಿರುವುವುದು, ಕೆಳಗಿನಿಂದ "ಬಂತು... ಹೋತು... ಹ್ಞಾ, ಹಂಗೇ ಹಿಡಕೋ" ಎಂದು ಕೂಗುವುದು. ಹಿಂದಿ ಯಾರಿಗೂ ಬಾರದು. ನಮ್ಮ ಗುಂಪಿನಲ್ಲಿ ನನ್ನ ಸೋದರತ್ತೆಯ ಮಗಳು ಒಬ್ಬಳಿದ್ದಳು. ಅವಳಿಗೂ ಬಾರದು, ಆದರೆ ಬರುತ್ತದೆ ಎಂದು ಅವಳು ಘೋಷಿಸಿಕೊಂಡಿದ್ದಳು. ಟಿವಿಯ ಪಕ್ಕದಲ್ಲಿ ಕುಂತು ಎಲ್ಲ ಪ್ರಾಣಿಗಳ ಮಾತನ್ನೂ ಕನ್ನಡಕ್ಕೆ ತಿರುವಿ ಹೇಳುತ್ತಿದ್ದಳು. ಅವಳ ಶೇರ್ ಖಾನ್ ಬಡ್ಡಿ ವಸೂಲಿಗೆ ಬಂದ ಸಾಹುಕಾರನ ಹಾಗೆ ಮಾತಾಡುತ್ತಿದ್ದ. ಅವಳ ಭಗೀರನಿಗೆ ನಮ್ಮ ಹೆಡ್‌ಮಾಸ್ತರರ ಗತ್ತು. ತೋಳಗಳು ಜಗಳ ತೆಗೆದರೆ ಅದು ಥೇಟ್ ನಲ್ಲಿ ಕಟ್ಟೆಯ ಜಗಳ. ದೊಡ್ಡವನಾದ ಮೇಲೆ ಅದೇ ಕಂತುಗಳನ್ನು ಹಿಂದಿ ತಿಳಿದು ನೋಡಿದೆ. ಚೆನ್ನಾಗಿವೆ, ಆದರೆ ಅವಳ ಮೋಗ್ಲಿಯ ಮುಂದೆ ಸಪ್ಪೆ. ನನ್ನೊಳಗೆ ಇವತ್ತಿಗೂ ಮಾತಾಡುವವನು ಅವಳ ಮೋಗ್ಲಿಯೇ.

ಆ ಧಾರಾವಾಹಿಯ ಕರಡಿಯ ಬಗ್ಗೆ ಒಂದೆರಡು ಮಾತು ಹೇಳಲೇಬೇಕು, ಯಾಕೆಂದರೆ ಇದು ಕರಡಿಯ ಸೀಮೆ. ಮೋಗ್ಲಿಯ ಮೂಲ ಕಥೆ ಬರೆದ ಕಿಪ್ಲಿಂಗ್‌ನ ಕಾಡು ಇರುವುದು ಮಧ್ಯಪ್ರದೇಶದ ಸಿವನಿಯಲ್ಲಿ. ನಮ್ಮ ಕರಡಿ ಇರುವುದು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗಳಲ್ಲಿ, ಸಂಡೂರು-ಹೊಸಪೇಟೆ ನಡುವಿನ ದರೋಜಿಯಲ್ಲಿ. ದರೋಜಿ ಕರಡಿಧಾಮವಾದದ್ದು 1994ರಲ್ಲಿ, ಅಂದರೆ ಟಿವಿಯಲ್ಲಿ ಮೋಗ್ಲಿ ಬಂದು ಇನ್ನೂ ಒಂದೆರಡು ವರ್ಷ ಆಗುವುದರೊಳಗೆ. ಅಲ್ಲಿ ಅರಣ್ಯದವರು ಬಂಡೆಗೆ ಬೆಲ್ಲ-ಜೇನಿನ ಪಾಕ ಸವರುತ್ತಾರೆ, ಸಂಜೆ ಕರಡಿ ಮರಿಗಳ ಸಮೇತ ಇಳಿದು ಬಂದು ನೆಕ್ಕುತ್ತದೆ, ನಾವು ಗೋಪುರದಿಂದ ನೋಡುತ್ತೇವೆ. ಗುಡೇಕೋಟೆಯ ರೈತನಿಗೆ ಕರಡಿ ಅಂದರೆ ರಾತ್ರಿ ಹೊಲಕ್ಕೆ ನುಗ್ಗುವ ಪ್ರಾಣಿ, ಎದುರಾದರೆ ಮುಖಕ್ಕೇ ಕೈಹಾಕುವ ಪ್ರಾಣಿ. ಅದೇ ರೈತನ ಮಗನಿಗೆ ಭಾನುವಾರದ ಕರಡಿ ಮೇಷ್ಟ್ರು, ಮೋಗ್ಲಿಗೆ ಕಾಡಿನ ಕಾನೂನು ಕಲಿಸುವ ಗುರು. ಒಂದೇ ಮನೆಯಲ್ಲಿ ಎರಡು ಕರಡಿ. ಇದರಿಂದ ಹುಡುಗರು ಕರಡಿಯನ್ನು ಮುದ್ದು ಮಾಡಲು ಹೋಗಿ ಕೆಟ್ಟರೆಂದು ನಾನು ಹೇಳುವುದಿಲ್ಲ, ಹಳ್ಳಿಯ ಮಕ್ಕಳು ಅಷ್ಟು ದಡ್ಡರಲ್ಲ. ಆದರೆ ಕರಡಿಗೂ ಒಂದು ಸಂಸಾರವಿದೆ, ಅದಕ್ಕೂ ಒಂದು ನ್ಯಾಯವಿದೆ ಎಂಬ ಅನುಮಾನವನ್ನು ಆ ಚಿತ್ರ ಬಿತ್ತಿತು. ಬೋನಿಗೆ ಬಿದ್ದ ಕರಡಿಗೆ ಕಲ್ಲು ಹೊಡೆಯುವ ದೊಡ್ಡವರನ್ನು ತಡೆಯುವ ಹುಡುಗರನ್ನು ಕಂಡಾಗೆಲ್ಲ ಆ ಭಾನುವಾರಗಳಿಗೂ ಅದರಲ್ಲಿ ಪಾಲಿದೆ ಎನಿಸುತ್ತದೆ.

ಬೆಕ್ಕು-ಇಲಿಯ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಟಾಮ್ ಅಂಡ್ ಜೆರ್ರಿಯನ್ನು ಹಾನ್ನಾ ಮತ್ತು ಬಾರ್ಬೆರಾ 1940ರಲ್ಲಿ ಶುರು ಮಾಡಿದರು, ಏಳು ಆಸ್ಕರ್ ಬಂದವು. ನಮ್ಮ ಕಡೆ ಅಜ್ಜ ಅಜ್ಜಿಯರೂ ಬಿದ್ದು ಬಿದ್ದು ನಕ್ಕು ನೋಡಿದ ಏಕೈಕ ಕಾರ್ಟೂನ್ ಅದು. ಕಾರಣ ಸುಲಭ, ಅವೆರಡೂ ಹೆಚ್ಚುಕಡಿಮೆ ಮಾತೇ ಆಡುವುದಿಲ್ಲ. ಮಾತಿಲ್ಲದ್ದರಿಂದ ಯಾರಿಗೂ ಪರಕೀಯ ಅನ್ನಿಸಲಿಲ್ಲ.

ಈಗ ಗೊಂಬೆಯ ಹತ್ತಿರ ಬರುತ್ತೇನೆ. ಕಾರ್ಟೂನ್ ಎಂದರೆ ಪರದೇಶದ ಸರಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಜಗತ್ತಿನಲ್ಲಿ ಇಂದಿಗೆ ಉಳಿದಿರುವ ಅತಿ ಹಳೆಯ ಪೂರ್ಣಾವಧಿ ಅನಿಮೇಷನ್ ಚಿತ್ರ ಯಾವುದು? ಡಿಸ್ನಿಯ 'ಸ್ನೋ ವೈಟ್' ಎಂದು ಬಹಳ ಮಂದಿ ಹೇಳುತ್ತಾರೆ. ಅದು 1937ರದು. ಅದಕ್ಕೆ ಹನ್ನೊಂದು ವರ್ಷ ಮೊದಲೇ, 1926ರಲ್ಲಿ, ಜರ್ಮನಿಯ ಲೋಟ್ಟೆ ರೈನಿಗರ್ ಎಂಬ ಹೆಣ್ಣುಮಗಳು 'ರಾಜಕುಮಾರ ಅಹ್ಮದನ ಸಾಹಸಗಳು' ಎಂಬ ಚಿತ್ರ ಮಾಡಿದ್ದಳು. ಕಪ್ಪು ರಟ್ಟು, ತೆಳು ಸೀಸದ ತಗಡುಗಳಲ್ಲಿ ಗೊಂಬೆ ಕತ್ತರಿಸಿ, ಕೀಲುಗಳನ್ನು ತಂತಿಯಿಂದ ಕಟ್ಟಿ, ಗಾಜಿನ ಮೇಜಿನ ಮೇಲಿಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಮತ್ತೊಂದು. ಹೀಗೆ ಮೂರು ವರ್ಷ. ಪೂರ್ವದೇಶಗಳ ನೆರಳಿನಾಟಗಳಿಗೆ ಮನಸೋತಿದ್ದ ಹೆಂಗಸು ಅವಳು.

ಅವಳು ಗಾಜಿನ ಮೇಜಿನ ಮೇಲೆ ಮಾಡಿದ್ದನ್ನು ಈ ನಾಡಿನಲ್ಲಿ ತೊಗಲು ಗೊಂಬೆ ಆಡಿಸುವ ಶಿಳ್ಳೇಕ್ಯಾತರು ಬಿಳಿ ಪಂಚೆಯ ಹಿಂದೆ ತಲೆತಲಾಂತರದಿಂದ ಮಾಡುತ್ತ ಬಂದಿದ್ದರು. ಮೇಕೆಯ ತೊಗಲನ್ನು ಹದ ಮಾಡಿ, ಕೂದಲು ಹೆರೆದು, ಬೆಳಕು ಆರಪಾರ ಹಾಯುವಷ್ಟು ತೆಳ್ಳಗೆ ಮಾಡುವುದು. ಅದರ ಮೇಲೆ ರಾಮ, ರಾವಣ, ಆಂಜನೇಯರನ್ನು ಬರೆದು, ಒಡವೆಯ ಜಾಗದಲ್ಲಿ ಸಣ್ಣ ಸಣ್ಣ ತೂತು ಕೊರೆಯುವುದು. ಹಿಂದೆ ದೀಪ ಇಟ್ಟಾಗ ಆ ತೂತುಗಳೇ ಮುತ್ತು, ರತ್ನ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಗೆರೆ ನಿಚ್ಚಳ, ದೀಪದ ಕಡೆಗೆ ಸರಿಸಿದರೆ ಅದು ದೊಡ್ಡದಾಗಿ, ಮಸುಕಾಗಿ, ಕರಗಿ ಹೋಗುತ್ತದೆ. ಸಿನಿಮಾದವರು ಕ್ಯಾಮೆರಾದಲ್ಲಿ ಮಾಡುವ ಕೆಲಸವನ್ನು ಇವರು ಮೊಳಕೈಯಲ್ಲಿ ಮಾಡಿದರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾವ್ ಕೂಡಿಸಿಟ್ಟ ತೊಗಲು ಗೊಂಬೆಗಳನ್ನು ಒಮ್ಮೆ ನೋಡಿಬನ್ನಿ. ಅವುಗಳ ಕಣ್ಣು, ಮೂಗು, ಜರಿಯಂಚು ನೋಡಿದರೆ ಲೇಪಾಕ್ಷಿ, ಹಂಪಿಯ ಭಿತ್ತಿಚಿತ್ರಗಳ ನೆನಪಾಗುತ್ತದೆ. ಮಳೆ ಬಾರದಿದ್ದರೆ ಗೊಂಬೆ ಆಡಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿತ್ತು. ಕಾರ್ಟೂನ್ ಹಾಕಿದರೆ ಮಳೆ ಬರುತ್ತದೆ ಎಂದು ಯಾವ ಟಿವಿ ಕಂಪನಿಯೂ ಇನ್ನೂ ಹೇಳಿಕೊಂಡಿಲ್ಲ.

ಈ ಜನ ಮನೆಯಲ್ಲಿ ಆಡುವುದು ಮರಾಠಿಯ ಒಂದು ಬಗೆ. ಹೊಳೆಯಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವುದೂ ಇವರ ಕಸುಬು, ಈ ಹಿನ್ನೀರಿನ ದಂಡೆಯವರಿಗೆ ಅದನ್ನು ಹೊಸದಾಗಿ ಹೇಳಬೇಕಿಲ್ಲ. ಮನೆಮಾತು ಮರಾಠಿಯಾದವರು ಪರದೆಯ ಹಿಂದೆ ಕುಂತ ಕೂಡಲೇ ಕನ್ನಡ ಆಡಿದರು. ಯಾವ ಕನ್ನಡ? ರಾಮ, ಸೀತೆ, ವಿಭೀಷಣರಿಗೆ ಪುರಾಣದ ಕನ್ನಡ, ಹಾಡಿನ ಕನ್ನಡ. ನಡುವೆ ನುಗ್ಗುವ ನಗೆಗೊಂಬೆಗಳಾದ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನಿಗೆ ಆ ಊರಿನ ಓಣಿಯ ಕನ್ನಡ. ಆ ಊರಿನ ಗೌಡನ ಜಿಪುಣತನ, ಆ ವರ್ಷದ ಬೆಳೆ, ಆ ವಾರದ ಜಗಳ ಎಲ್ಲ ಕಿಳ್ಳೇಕ್ಯಾತನ ಬಾಯಲ್ಲಿ ಬರುತ್ತಿದ್ದವು. ಪೋಲಿ ಮಾತುಗಳೂ ಬರುತ್ತಿದ್ದವು, ಮಕ್ಕಳಿದ್ದಾರೆಂದು ಈಗ ಹೇಳುವುದಿಲ್ಲ. ಎಲ್ಲಿಯ ಅಯೋಧ್ಯೆ, ಎಲ್ಲಿಯ ಲಂಕೆ! ಕಿಳ್ಳೇಕ್ಯಾತ ಬಾಯಿ ತೆರೆದ ಗಳಿಗೆಗೆ ಅವೆಲ್ಲ ಊರ ಹಗೇವಿನ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದವು. ನನ್ನ ಸೋದರತ್ತೆಯ ಮಗಳು ಟಿವಿ ಪಕ್ಕ ಕುಂತು ಮಾಡಿದ್ದು ಇದನ್ನೇ. ಅವಳಿಗೆ ಯಾರೂ ಕಲಿಸಿರಲಿಲ್ಲ, ಈ ಸೀಮೆಯ ಗಾಳಿ ಕಲಿಸಿತ್ತು.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಗೊಂಬೆ ಆಡಿಸಿದವರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ವಯಸ್ಸು ತೊಂಬತ್ತು ದಾಟಿತ್ತು. ನಮ್ಮ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯನ್ನು, ಸ್ವಾತಂತ್ರ್ಯ ಹೋರಾಟವನ್ನು ತೊಗಲಿಗೆ ತಂದು ದೇಶ-ವಿದೇಶದಲ್ಲಿ ಆಡಿಸಿದರು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಇಲ್ಲಿ ಕೂತ ಮಕ್ಕಳಲ್ಲಿ ಎಷ್ಟು ಮಂದಿ ತೊಗಲು ಗೊಂಬೆಯಾಟ ನೋಡಿದ್ದೀರಿ? ಕೈ ಎತ್ತಿರಿ. ಛೋಟಾ ಭೀಮ್? ಸರಿ, ಇಳಿಸಿರಿ.

ಈ ಮಕ್ಕಳ ತಪ್ಪಲ್ಲ ಅದು. ದೊಡ್ಡವರು ಮಾಡಿದ ಒಂದು ತೀರ್ಮಾನದ ಕಥೆ ಇದೆ, ಹೇಳುತ್ತೇನೆ, ಕೆಲವರಿಗೆ ಹಿಡಿಸಲಿಕ್ಕಿಲ್ಲ. 1960ರ ದಶಕದಲ್ಲಿ ಡಬ್ಬಿಂಗ್ ಚಿತ್ರಗಳ ವಿರುದ್ಧ ದೊಡ್ಡ ಹೋರಾಟ ನಡೆಯಿತು. ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ, ರಾಜ್‌ಕುಮಾರ್ ಎಲ್ಲ ನಿಂತರು. ಆಗ ಅದು ನ್ಯಾಯವೇ ಆಗಿತ್ತು. ಕನ್ನಡ ಚಿತ್ರಗಳು ಮದರಾಸಿನಲ್ಲಿ ಪರರ ಸ್ಟುಡಿಯೋದಲ್ಲಿ ತಯಾರಾಗುತ್ತಿದ್ದ ಕಾಲ, ತೆಲುಗಿನ ಪೌರಾಣಿಕ ಚಿತ್ರಗಳಿಗೆ ಕನ್ನಡ ಮಾತು ಅಂಟಿಸಿ ಬಿಟ್ಟರೆ ಇಲ್ಲಿಯ ನಟರಿಗೆ, ಕುಶಲಕರ್ಮಿಗಳಿಗೆ ಕೂಳಿಲ್ಲ. ಕಾಯ್ದೆ ಇಲ್ಲದೆಯೇ ಅದು ಕಟ್ಟಳೆಯಾಯಿತು. ಆ ಕಟ್ಟಳೆಗೆ ಕಣ್ಣಿರಲಿಲ್ಲ ಎಂಬುದೇ ನನ್ನ ತಕರಾರು. ಎರಡೂವರೆ ತಾಸಿನ ಸಾಮಾಜಿಕ ಚಿತ್ರಕ್ಕೂ ಆರು ವರ್ಷದ ಮಗು ನೋಡುವ ಸಿಂಹದ ಮರಿಯ ಚಿತ್ರಕ್ಕೂ ಅದು ಭೇದ ಮಾಡಲಿಲ್ಲ. ಸಿಂಹದ ಮರಿ ಕನ್ನಡ ಮಾತಾಡಿದರೆ ಯಾವ ನಾಯಕನಟನ ಅನ್ನ ಹೋಗುತ್ತಿತ್ತು? 2009ರಲ್ಲಿ ಚಿಂಟು ಟಿವಿ ಬಂದು ಕಾರ್ಟೂನುಗಳಿಗೆ ಕನ್ನಡ ಮಾತು ಕೊಟ್ಟಾಗ ನಮ್ಮ ಕೆಲವು ಮನೆಗಳಲ್ಲಿ ಮಕ್ಕಳು ಟಿವಿಗೆ ಎದುರು ಮಾತಾಡಲು ಶುರುಮಾಡಿದರು. ಅದಕ್ಕೆ ಮೊದಲು ಸುಮ್ಮನೆ ನೋಡುತ್ತಿದ್ದರು. ಕೊನೆಗೆ ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುವುದು ತಪ್ಪೆಂದು ತೀರ್ಪು ಕೊಟ್ಟಿತು.

ತೀರ್ಪು ಬಂದ ಮೇಲೂ ಏನಾಯಿತು ನೋಡಿ. 2016ರ 'ಜಂಗಲ್ ಬುಕ್', 2019ರ 'ಲಯನ್ ಕಿಂಗ್' ಎರಡರಲ್ಲೂ ಕಂಪ್ಯೂಟರ್ ಕೆಲಸದ ಪಾಲು ಬೆಂಗಳೂರಿನ ಸ್ಟುಡಿಯೋದಲ್ಲಿ ನಡೆಯಿತು. ಬೆಂಗಳೂರಿನಲ್ಲಿ ಕುಂತವರು ದುಡಿದು ರೂಪಿಸಿದ ಆ ಪ್ರಾಣಿಗಳು ಚಿತ್ರಮಂದಿರದಲ್ಲಿ ಹಿಂದಿ, ತಮಿಳು, ತೆಲುಗು ಮಾತಾಡಿದವು. ಕನ್ನಡ ಮಾತಾಡಲಿಲ್ಲ. ಅನಿಮೇಷನ್ ಉದ್ಯಮಕ್ಕೆಂದು ದೇಶದಲ್ಲೇ ಮೊದಲು ನೀತಿ ಮಾಡಿದ ರಾಜ್ಯ ನಮ್ಮದು, 2012ರಲ್ಲಿ. ನೀತಿಯಲ್ಲಿ ಉದ್ಯೋಗದ ಲೆಕ್ಕ ಇತ್ತು, ಮಕ್ಕಳ ಕಿವಿಯ ಲೆಕ್ಕ ಯಾರೂ ಕೇಳಲಿಲ್ಲ. ಇನ್ನೊಂದು ಉದಾಹರಣೆ ನನಗೆ ಇನ್ನೂ ಚುಚ್ಚುತ್ತದೆ. ಜಪಾನಿನ ಯುಗೋ ಸಾಕೊ ನಮ್ಮ ರಾಮ್ ಮೋಹನರ ಜತೆ ಸೇರಿ 1992ರಲ್ಲಿ ಮಾಡಿದ ರಾಮಾಯಣದ ಅನಿಮೇಷನ್ ಚಿತ್ರ, ಈ ದೇಶದ ಕಥೆಗೆ ಪರದೇಶಿಯೊಬ್ಬ ತೋರಿದ ಗೌರವದ ಅತ್ಯುತ್ತಮ ನಿದರ್ಶನ. 2025ರ ಜನವರಿಯಲ್ಲಿ ಅದನ್ನು ಮತ್ತೆ ತೆರೆಗೆ ತಂದರು, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಆ ಚಿತ್ರದ ವಾಲಿ-ಸುಗ್ರೀವರ ಕಿಷ್ಕಿಂಧೆ ಎಲ್ಲಿದೆ? ಆನೆಗೊಂದಿಯಲ್ಲಿ, ಅಂಜನಾದ್ರಿಯಲ್ಲಿ, ಇದೇ ಹೊಳೆಯ ಕೆಳಗೆ. ಕಿಷ್ಕಿಂಧೆಯ ಕಪಿಗಳು ನಾಲ್ಕು ಪರಭಾಷೆ ಕಲಿತವು, ತಮ್ಮ ಊರ ಭಾಷೆ ಮರೆತವು! ಇನ್ನು ನಮ್ಮ ಗೋವಿನ ಹಾಡಿನ ಕಥೆ. ಪ್ರತಿ ಕನ್ನಡ ಮಗುವೂ ಅತ್ತು ಕಲಿತ ಪುಣ್ಯಕೋಟಿಯ ಕಥೆಯನ್ನು ಬೆಂಗಳೂರಿನ ವಿ. ರವಿಶಂಕರ್ ಜನರಿಂದ ಹಣ ಕೂಡಿಸಿ ಅನಿಮೇಷನ್ ಚಿತ್ರ ಮಾಡಿದರು, ಇಳಯರಾಜಾ ಸಂಗೀತ ಕೊಟ್ಟರು. ಶ್ರಮ ದೊಡ್ಡದು, ಮೆಚ್ಚುತ್ತೇನೆ. ಆದರೆ ಹಸು ಮತ್ತು ಹುಲಿ ಮಾತಾಡಿದ್ದು ಸಂಸ್ಕೃತದಲ್ಲಿ.

ಗಾಳಿ ಈಗ ಸ್ವಲ್ಪ ತಿರುಗಿದೆ. 2023ರಲ್ಲಿ ಸ್ಪೈಡರ್‌ಮ್ಯಾನ್‌ನ ಅನಿಮೇಷನ್ ಚಿತ್ರ ಹತ್ತು ಭಾಷೆಗಳಲ್ಲಿ ಬಂದಾಗ ಅದರಲ್ಲಿ ಕನ್ನಡವೂ ಇತ್ತು. 2025ರ ಜುಲೈನಲ್ಲಿ ಅಶ್ವಿನ್ ಕುಮಾರ್ ನಿರ್ದೇಶಿಸಿ ನಮ್ಮ ಹೊಂಬಾಳೆಯವರು ಅರ್ಪಿಸಿದ 'ಮಹಾವತಾರ್ ನರಸಿಂಹ' ಕನ್ನಡದಲ್ಲೂ ಬಂತು, ದೇಶದಲ್ಲಿ ಯಾವ ಅನಿಮೇಷನ್ ಚಿತ್ರಕ್ಕೂ ಸೇರದಷ್ಟು ಜನ ಸೇರಿದರು. 1528ರಲ್ಲಿ ಕೃಷ್ಣದೇವರಾಯ ಕಡೆಸಿದ ಹಂಪಿಯ ನರಸಿಂಹನನ್ನು ಶಾಲೆಯ ಪ್ರವಾಸದಲ್ಲಿ ನೋಡಿ ಬೆಳೆದ ಮಕ್ಕಳು ಅದೇ ದೇವರು ಕಂಬ ಒಡೆದು ಬರುವುದನ್ನು ಕನ್ನಡದಲ್ಲಿ ಕೇಳಿದರು. ನನಗೆ ಸಂತೋಷವಾಯಿತು. ಒಂದು ಕೊರಗೂ ಇದೆ. ಈ ಡಬ್ಬಿಂಗ್‌ಗಳಲ್ಲಿ ಬರುವುದು ಬರೀ ರಾಮನ ಕನ್ನಡ, ಕಿಳ್ಳೇಕ್ಯಾತನ ಕನ್ನಡ ಇಲ್ಲ. ಇಲಿಯೂ ಗ್ರಂಥದ ಮಾತಾಡುತ್ತದೆ, ಕಳ್ಳನೂ ವ್ಯಾಕರಣ ತಪ್ಪುವುದಿಲ್ಲ. ತಮಿಳಿನವರು ಹಾಗೆ ಮಾಡಲಿಲ್ಲ, ಅವರ ಕಾರ್ಟೂನಿನ ಹಂದಿ, ಮುಂಗುಸಿಗಳು ಬೀದಿಯ ತಮಿಳನ್ನು ನಾಚಿಕೆಯಿಲ್ಲದೆ ಆಡುತ್ತವೆ.

ಹಾಗಾಗಿ ದತ್ತಿಯವರಲ್ಲಿ, ಶಾಲೆಯ ಶಿಕ್ಷಕರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ವರ್ಷ ಈ ವೇದಿಕೆಗೆ ಭಾಷಣಕಾರರನ್ನು ಕರೆಯಬೇಡಿ. ಹೊಳೆ ದಾಟಿ ಹೋಗಿ ಒಂದು ಗೊಂಬೆ ಮೇಳವನ್ನು ಕರೆತನ್ನಿ, ಅವರಿಗೆ ಕೊಡಬೇಕಾದ ಸಂಭಾವನೆ ಪೂರ್ತಿ ಕೊಡಿ. ರಾತ್ರಿ ಇಡೀ ಆಗದಿದ್ದರೆ ಎರಡು ತಾಸು ಸಾಕು. ಮರುದಿನ ಮಕ್ಕಳ ಕೈಗೆ ರಟ್ಟು, ಕತ್ತರಿ, ಒಂದು ಮೊಬೈಲು ಕೊಡಿ. ರೈನಿಗರ್ ಮಾಡಿದಂತೆ ಒಂದೊಂದೇ ಫೋಟೊ ತೆಗೆದು ಕೂಡಿಸುವ ತಂತ್ರಾಂಶಗಳು ಈಗ ಪುಕ್ಕಟೆ ಸಿಗುತ್ತವೆ. ಅಂಕಸಮುದ್ರದ ಕೆರೆ ಇದೇ ತಾಲ್ಲೂಕಿನಲ್ಲಿದೆ, 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು, ದೂರದೇಶದ ಹಕ್ಕಿಗಳು ಚಳಿಗಾಲಕ್ಕೆ ಅಲ್ಲಿ ಬಂದಿಳಿಯುತ್ತವೆ. ಆ ಹಕ್ಕಿಗಳಿಗೂ ಊರ ಹಕ್ಕಿಗಳಿಗೂ ಜಾಗದ ಜಗಳ ಹಚ್ಚಿರಿ, ಕಥೆ ತಾನೇ ಹುಟ್ಟುತ್ತದೆ. ಮಾತನ್ನು ಮಾತ್ರ ಶಿಕ್ಷಕರು ಬರೆದುಕೊಡಬೇಡಿ, ದಯವಿಟ್ಟು. ಕೊಕ್ಕರೆಯ ಪಾತ್ರ ಯಾರಿಗೆ ಬಂದಿದೆಯೋ ಆ ಹುಡುಗಿ ತನ್ನ ಮನೆಯಲ್ಲಿ ಅವ್ವನ ಜತೆ ಹೇಗೆ ಜಗಳ ಆಡುತ್ತಾಳೋ ಹಾಗೇ ಆಡಲಿ. ಬೈಗುಳ ಬಂದರೆ ಅದನ್ನು ತೆಗೆಯಬೇಕೋ ಬಿಡಬೇಕೋ ಎಂಬ ಚರ್ಚೆಗೆ ನನ್ನನ್ನು ಕರೆಯಿರಿ, ಬರುತ್ತೇನೆ.